ನೆರೆ ಇಳಿದ ಮೇಲೆ ಉಳಿಯುವುದು: ಲಿಮೆರಿಕ್‌ನಲ್ಲಿ ವಿಪತ್ತು ಪರಿಹಾರ ಮತ್ತು ಪರಿಸರ

ಪ್ರವಾಹ, ಬಿರುಗಾಳಿ, ಬೆಂಕಿಯಂಥ ಅನಾಹುತಗಳು ಪರಿಸರಕ್ಕೆ ಮಾಡುವ ಹಾನಿಯ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆಯಾದರೂ, ಆ ಅನಾಹುತಗಳಿಂದ ಜನರನ್ನು ಪಾರುಮಾಡುವ ಕೆಲಸವೇ ನೆಲ, ನೀರು, ಗಾಳಿಗಳ ಮೇಲೆ ಹೊರಿಸುವ ಭಾರದ ಕಡೆಗೆ ಗಮನ ಹರಿದದ್ದು ಈಚೆಗೆ. ಹಗಲಿರುಳು ಓಡುವ ಡೀಸೆಲ್ ಪಂಪುಗಳು, ಒಮ್ಮೆ ಬಳಸಿ ಬಿಸಾಡುವ ಮರಳುಚೀಲಗಳು, ಬೆಂಕಿ ಆರಿಸಿದ ಮೇಲೆ ಚರಂಡಿ ಸೇರುವ ಕಪ್ಪು ನೀರು, ಅವಸರದಲ್ಲಿ ನದಿಯ ಅಂಚಿಗೆ ಸುರಿದ ಮಣ್ಣು, ಪರಿಹಾರ ಕೇಂದ್ರಗಳ ಹಿಂದೆ ರಾಶಿಬೀಳುವ ಪ್ಲಾಸ್ಟಿಕ್ ಬಾಟಲಿಗಳು, ಇವೆಲ್ಲ ರಕ್ಷಣೆಯ ಲೆಕ್ಕದಲ್ಲಿ ಸೇರುತ್ತವೆಯೇ ಹೊರತು ಹಾನಿಯ ಲೆಕ್ಕದಲ್ಲಿ ಅಲ್ಲ. ಪ್ರಾಣ ಹೋಗುವ ಹೊತ್ತಿನಲ್ಲಿ ಡೀಸೆಲ್ ಎಷ್ಟು ಉರಿಯಿತೆಂದು ಅಳೆಯುತ್ತ ಕೂರಬೇಕೆಂದು ಯಾರೂ ಹೇಳಲಾರರು, ಹೇಳಲೂ ಬಾರದು. ಆದರೆ ಆ ಹೊತ್ತಿನಲ್ಲಿ ಯಾವ ಪಂಪು ಓಡುತ್ತದೆ, ಯಾವ ಚೀಲ ಕೈಗೆ ಸಿಗುತ್ತದೆ, ಯಾವ ನೊರೆ ಚಿಮ್ಮುತ್ತದೆ ಎಂಬುದು ಎಷ್ಟೋ ಮೊದಲೇ, ಯಾವ ಆತಂಕವೂ ಇಲ್ಲದ ದಿನಗಳಲ್ಲಿ, ಕಚೇರಿಯೊಂದರ ಖರೀದಿ ಕಡತದಲ್ಲಿ ನಿಶ್ಚಯವಾಗಿರುತ್ತದೆ. ಐರ್ಲೆಂಡಿನ ಪಶ್ಚಿಮ ಭಾಗದಲ್ಲಿರುವ ಲಿಮೆರಿಕ್ ನಗರದ ಅನುಭವವನ್ನು ಹತ್ತಿರದಿಂದ ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ.

ಐರ್ಲೆಂಡಿನ ನಾಗರಿಕ ರಕ್ಷಣಾ ವ್ಯವಸ್ಥೆಯ ಬೇರು ವೈಮಾನಿಕ ದಾಳಿಯ ಭಯದಲ್ಲಿದೆ. 1939ರಲ್ಲಿ ಬಂದ ವೈಮಾನಿಕ ದಾಳಿ ಮುನ್ನೆಚ್ಚರಿಕೆ ಕಾಯ್ದೆಯ ನೆಲೆಯ ಮೇಲೆ 1950ರಲ್ಲಿ 'ಸಿವಿಲ್ ಡಿಫೆನ್ಸ್' ಎಂಬ ಸ್ವಯಂಸೇವಕರ ಸಂಘಟನೆ ರೂಪುಗೊಂಡಿತು. ಯುದ್ಧದ ಭಯ ಹಿಂದೆ ಸರಿದಂತೆ ಅದರ ದೋಣಿಗಳು, ಪಂಪುಗಳು, ಪ್ರಥಮ ಚಿಕಿತ್ಸೆಯ ತಂಡಗಳು ನೆರೆ, ಬಿರುಗಾಳಿ ಮತ್ತು ಕಾಣೆಯಾದವರ ಹುಡುಕಾಟದ ಕೆಲಸಕ್ಕೆ ತಿರುಗಿದವು. 2006ರ ರಾಷ್ಟ್ರೀಯ ತುರ್ತು ನಿರ್ವಹಣಾ ಚೌಕಟ್ಟಿನ ಪ್ರಕಾರ ದೊಡ್ಡ ಅನಾಹುತ ಸಂಭವಿಸಿದಾಗ ಗಾರ್ಡಾ ಎಂದು ಕರೆಯಲಾಗುವ ಪೊಲೀಸ್ ಪಡೆ, ಆರೋಗ್ಯ ಸೇವೆ ಮತ್ತು ಸ್ಥಳೀಯ ಆಡಳಿತ ಈ ಮೂರೂ ಒಟ್ಟಾಗಿ ಕೆಲಸ ಮಾಡಬೇಕಾಗಿದ್ದು, ಪ್ರವಾಹದ ಸಂದರ್ಭದಲ್ಲಿ ಮುಂದಾಳತ್ವ ಸ್ಥಳೀಯ ಆಡಳಿತದ್ದು. ಲಿಮೆರಿಕ್‌ನಲ್ಲಿ ಆ ಹೊಣೆ ನಗರ ಮತ್ತು ಕೌಂಟಿ ಪರಿಷತ್ತಿನ ಮೇಲಿದೆ. ಅಗ್ನಿಶಾಮಕ ದಳ, ರಸ್ತೆ, ಚರಂಡಿಗಳ ಜೊತೆಗೆ ಹವಾಮಾನ ಕ್ರಿಯಾಯೋಜನೆಯೂ ಇದೇ ಪರಿಷತ್ತಿನ ಕೈಯಲ್ಲಿರುವುದರಿಂದ, ರಕ್ಷಿಸುವವರೂ ಪರಿಸರದ ಲೆಕ್ಕ ಒಪ್ಪಿಸಬೇಕಾದವರೂ ಒಂದೇ ಸೂರಿನಡಿ ಇದ್ದಾರೆ. ಇದು ಸಣ್ಣ ಅನುಕೂಲವೇನಲ್ಲ.

ಸುಮಾರು 360 ಕಿಲೋಮೀಟರ್ ಹರಿಯುವ ಶ್ಯಾನನ್ ಐರ್ಲೆಂಡಿನ ಅತಿ ಉದ್ದದ ನದಿ. ಅದು ಸಮುದ್ರದ ಉಬ್ಬರವನ್ನು ಎದುರುಗೊಳ್ಳುವ ಜಾಗದಲ್ಲಿ ಲಿಮೆರಿಕ್ ಇದೆ. ಅಟ್ಲಾಂಟಿಕ್ ಸಾಗರ ಇಲ್ಲಿಂದ ನೂರು ಕಿಲೋಮೀಟರಿನಷ್ಟು ದೂರದಲ್ಲಿದ್ದರೂ, ಕೊಳವೆಯಂತೆ ಕಿರಿದಾಗುತ್ತ ಬರುವ ಅಳಿವೆ ಸಾಗರದ ನೀರನ್ನು ಒತ್ತರಿಸಿ ತರುವುದರಿಂದ, ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನ ದೊಡ್ಡ ಉಬ್ಬರಗಳಲ್ಲಿ ನಗರದ ಹಡಗುಕಟ್ಟೆಯ ಬಳಿ ನೀರಿನ ಏರಿಳಿತ 5 ಮೀಟರನ್ನೂ ಮೀರುತ್ತದೆ. ಶ್ಯಾನನ್ ಮತ್ತು ಅದರ ಕವಲಾದ ಆ್ಯಬಿ ನದಿಗಳ ನಡುವಿನ ನಡುಗಡ್ಡೆಯೇ ಕಿಂಗ್ಸ್ ಐಲೆಂಡ್. ದೊರೆ ಜಾನ್‌ನ ಕೋಟೆ ಮತ್ತು 12ನೇ ಶತಮಾನದ ಸೇಂಟ್ ಮೇರಿ ಕ್ಯಾಥೆಡ್ರಲ್ ಅದರ ಎತ್ತರದ ಭಾಗದಲ್ಲಿದ್ದರೆ, 1930ರ ದಶಕದಲ್ಲಿ ಬಡ ಕುಟುಂಬಗಳಿಗೆಂದು ಕಟ್ಟಿಸಿದ ಸೇಂಟ್ ಮೇರೀಸ್ ಪಾರ್ಕ್ ಬಡಾವಣೆ ತಗ್ಗಿನಲ್ಲಿ, ಮಣ್ಣಿನ ಏರಿಯೊಂದರ ಆಸರೆಯಲ್ಲಿದೆ; ಏರಿಯ ಆಚೆಗೆ ಜೌಗು, ಜೊಂಡು, ಕೆಸರು.

2014ರ ಫೆಬ್ರವರಿ 1ರ ಶನಿವಾರ ಬೆಳಿಗ್ಗೆ ಅಮಾವಾಸ್ಯೆಯ ಬೆನ್ನಿಗೇ ಬಂದ ದೊಡ್ಡ ಉಬ್ಬರ, ಅಟ್ಲಾಂಟಿಕ್‌ನಿಂದ ಬೀಸಿದ ಬಿರುಗಾಳಿ ಮತ್ತು ವಾಯುಭಾರ ಕುಸಿತದಿಂದ ಸಮುದ್ರಮಟ್ಟ ಉಬ್ಬಿದ್ದು, ಇವು ಮೂರೂ ಒಂದೇ ಹೊತ್ತಿಗೆ ಕೂಡಿಕೊಂಡವು. ನೀರು ನಡುಗಡ್ಡೆಯ ಒಡ್ಡುಗಳನ್ನು ದಾಟಿ ಸೇಂಟ್ ಮೇರೀಸ್ ಪಾರ್ಕ್ ಮತ್ತು ಸುತ್ತಲಿನ ಬೀದಿಗಳ ನೂರಾರು ಮನೆಗಳಿಗೆ ನುಗ್ಗಿತು. ಅಗ್ನಿಶಾಮಕ ದಳ, ನಾಗರಿಕ ರಕ್ಷಣಾ ಸ್ವಯಂಸೇವಕರು, ಸೇನೆ, ಎಲ್ಲರಿಗಿಂತ ಮೊದಲು ನೆರೆಹೊರೆಯವರು, ವೃದ್ಧರನ್ನೂ ಮಕ್ಕಳನ್ನೂ ಮನೆಗಳಿಂದ ಹೊರತಂದರು. ಲಿಮೆರಿಕ್‌ನ ಇತ್ತೀಚಿನ ನೆನಪಿನಲ್ಲಿ ಇದಕ್ಕಿಂತ ದೊಡ್ಡ ನೆರೆಯಿಲ್ಲ.

ನೀರು ಮನೆಯೊಳಗೆ ನಿಲ್ಲುವುದು ಕೆಲವು ಗಂಟೆ. ಅದು ಬಿಟ್ಟುಹೋಗುವ ಕೆಲಸ ತಿಂಗಳುಗಟ್ಟಲೆಯದು. ಐರ್ಲೆಂಡಿನ ಮನೆಗಳಲ್ಲಿ ನೆಲಕ್ಕೆ ರತ್ನಗಂಬಳಿಯಂಥ ಹಾಸು, ಗೋಡೆಗೆ ಜಿಪ್ಸಮ್ ಹಲಗೆ, ಅದರ ಹಿಂದೆ ಶಾಖ ತಡೆಯುವ ಹತ್ತಿಯಂಥ ಪದರ ಇರುತ್ತವೆ. ಒಳಚರಂಡಿಯ ನೀರು ಬೆರೆತ ಪ್ರವಾಹ ಇವುಗಳನ್ನು ಮುಟ್ಟಿತೆಂದರೆ ಒಣಗಿಸಿ ಮತ್ತೆ ಬಳಸುವ ಹಾಗಿಲ್ಲ. ಹಾಸಿಗೆ, ಸೋಫಾ, ಫ್ರಿಜ್, ಬಟ್ಟೆ, ಔಷಧಿ, ಬಣ್ಣದ ಡಬ್ಬಿ ಎಲ್ಲವೂ ಬೀದಿಯಲ್ಲಿ ಒಂದೇ ರಾಶಿಯಾಗಿ ಬೀಳುತ್ತವೆ. ಹೀಗೆ ಕಲೆತುಹೋದ ಕಸವನ್ನು ಆಮೇಲೆ ಬೇರ್ಪಡಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಫ್ರಿಜ್ಜಿನ ಶೀತಕ ಅನಿಲ, ಬ್ಯಾಟರಿಗಳ ಲೋಹ, ಹಳೆಯ ಕಟ್ಟಡಗಳ ಕಲ್ನಾರು ಒಂದಕ್ಕೊಂದು ಸೇರಿ, ವಿಂಗಡಿಸಿದ್ದರೆ ಮರುಬಳಕೆಗೆ ಹೋಗಬಹುದಾಗಿದ್ದ ಲೋಹವೂ ಮರವೂ ಹೂಳುವ ಗುಂಡಿಗೆ ಹೋಗುತ್ತವೆ. ನೆರೆ ಇಳಿದ ಮೊದಲ ದಿನವೇ ಬೀದಿಗೆ ನಾಲ್ಕು ಬೇರೆ ಬೇರೆ ಕಸದ ತೊಟ್ಟಿಗಳು ಬಂದು ನಿಂತರೆ ಈ ಹಾನಿಯ ದೊಡ್ಡ ಪಾಲು ತಪ್ಪುತ್ತದೆ. ಆದರೆ ಆ ತೊಟ್ಟಿಗಳು ಬರಬೇಕಾದರೆ ಗುತ್ತಿಗೆದಾರರೊಂದಿಗಿನ ಒಪ್ಪಂದ ನೆರೆಗೆ ಮೊದಲೇ ಆಗಿರಬೇಕು.

ಮರಳುಚೀಲದ ವಿಷಯವೂ ಹೀಗೆಯೇ. ಪ್ರವಾಹ ನಿಯಂತ್ರಣದ ಅತ್ಯಂತ ಹಳೆಯ, ಅತ್ಯಂತ ಅಗ್ಗದ ಸಾಧನವಾದ ಇದನ್ನು ಇಂದು ಹೆಚ್ಚಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ದಾರದಿಂದ ನೇಯುತ್ತಾರೆ. ಬಿಸಿಲಿಗೆ ಬಿದ್ದ ಈ ಚೀಲ ತಿಂಗಳುಗಳಲ್ಲಿ ಪುಡಿಯಾಗತೊಡಗಿ, ಅದರ ಸಣ್ಣ ಎಳೆಗಳು ಗಾಳಿ ಮತ್ತು ನೀರಿನೊಂದಿಗೆ ನದಿಗೆ ಸೇರುತ್ತವೆ. ಒಳಗಿನ ಮರಳು ಕಲ್ಲುಗಣಿಯಿಂದಲೋ ನದಿಪಾತ್ರದಿಂದಲೋ ಬಂದದ್ದು. ಮಲಿನ ನೀರನ್ನು ಹೀರಿಕೊಂಡ ಮೇಲೆ ಆ ಮರಳನ್ನು ಮಕ್ಕಳು ಆಡುವ ಜಾಗಕ್ಕೂ ತೋಟಕ್ಕೂ ಹಾಕುವಂತಿಲ್ಲ. ಸೆಣಬಿನ ಗೋಣಿಚೀಲ ಬಳಸಿದರೆ ಪ್ಲಾಸ್ಟಿಕ್ಕಿನ ಪ್ರಶ್ನೆ ಬಗೆಹರಿಯುತ್ತದೆ, ಆದರೆ ತೇವದ ಗೋದಾಮಿನಲ್ಲಿ ಗೋಣಿ ಕೊಳೆಯುವುದರಿಂದ ಅದನ್ನು ಖಾಲಿಯಾಗಿ, ಒಣಗಿಸಿ ಇಡಬೇಕು, ಬೇಕಾದಾಗ ತುಂಬುವ ಯಂತ್ರ ಸಿದ್ಧವಿರಬೇಕು. ಅದಕ್ಕಿಂತಲೂ ಮೇಲು ಮನೆಬಾಗಿಲಿಗೆ ಕೂರಿಸಿ ತೆಗೆಯಬಹುದಾದ ಪ್ರವಾಹ ತಡೆಹಲಗೆಗಳು, ಬೀದಿಗೆ ಅಡ್ಡಲಾಗಿ ಜೋಡಿಸುವ ಅಲ್ಯೂಮಿನಿಯಂ ಪಟ್ಟಿಗಳು, ನೀರನ್ನೇ ತುಂಬಿಸಿ ನೀರನ್ನು ತಡೆಯುವ ಉದ್ದನೆಯ ರಬ್ಬರು ಕೊಳವೆಗಳು. ಇವು ದುಬಾರಿಯೆಂಬ ಆಕ್ಷೇಪಣೆ ಮೊದಲ ವರ್ಷಕ್ಕೆ ಸರಿ. ಪ್ರತಿ ಚಳಿಗಾಲವೂ ಚೀಲ ಕೊಂಡು, ತುಂಬಿ, ಸಾಗಿಸಿ, ಕೊನೆಗೆ ಕಸವಾಗಿ ವಿಲೇವಾರಿ ಮಾಡುವ ಖರ್ಚನ್ನು ಸೇರಿಸಿ ನೋಡಿದಾಗ ಆ ಆಕ್ಷೇಪಣೆ ಬಹಳ ದಿನ ನಿಲ್ಲುವುದಿಲ್ಲ.

ಲಿಮೆರಿಕ್‌ನ ಪ್ರಶ್ನೆಯನ್ನು ಇನ್ನಷ್ಟು ಸೂಕ್ಷ್ಮಗೊಳಿಸುವುದು ಅದರ ನದಿ. ಕಿಂಗ್ಸ್ ಐಲೆಂಡನ್ನು ಸುತ್ತುವರಿದ ನೀರು ಮತ್ತು ಜೌಗು 'ಕೆಳ ಶ್ಯಾನನ್ ನದಿ' ಎಂಬ ವಿಶೇಷ ಸಂರಕ್ಷಣಾ ಪ್ರದೇಶದ ಭಾಗ. 1992ರ ಯುರೋಪಿಯನ್ ಆವಾಸಸ್ಥಾನ ನಿರ್ದೇಶನದಡಿ ಇಂಥ ಪ್ರದೇಶಗಳಿಗೆ ಕಾನೂನಿನ ಕಾವಲಿದೆ. ಸಮುದ್ರದಿಂದ ಸಿಹಿನೀರಿಗೆ ಮೊಟ್ಟೆಯಿಡಲು ಬರುವ ಅಟ್ಲಾಂಟಿಕ್ ಸಾಲ್ಮನ್, ದವಡೆಯಿಲ್ಲದ ದುಂಡುಬಾಯಿಯ ಪುರಾತನ ಜೀವಿಯಾದ ಲ್ಯಾಂಪ್ರೆಯ ಮೂರು ಬಗೆಗಳು, ನೀರುನಾಯಿ, ಅಳಿವೆಯ ಕೆಳಭಾಗದಲ್ಲಿ ವರ್ಷವಿಡೀ ನೆಲೆಸಿರುವ ಬಾಟಲ್‌ಮೂತಿಯ ಡಾಲ್ಫಿನ್‌ಗಳು ಇಲ್ಲಿ ರಕ್ಷಣೆ ಪಡೆದ ಜೀವಿಗಳ ಪಟ್ಟಿಯಲ್ಲಿವೆ. ಇವುಗಳ ಜೊತೆಗೆ ಸಸ್ಯವೊಂದನ್ನು ಹೆಸರಿಸಲೇಬೇಕು. ಮೂರು ಮೂಲೆಯ ಕಾಂಡವುಳ್ಳ ಸ್ಕೀನೋಪ್ಲೆಕ್ಟಸ್ ಟ್ರೈಕ್ವೆಟರ್ ಎಂಬ ಜೊಂಡು ಇಡೀ ಐರ್ಲೆಂಡಿನಲ್ಲಿ ಬೆಳೆಯುವುದು ಶ್ಯಾನನ್ ಅಳಿವೆಯ ಮತ್ತು ಅದನ್ನು ಸೇರುವ ನದಿಗಳ ಉಬ್ಬರ ಮುಟ್ಟುವ ಕೆಸರಿನಲ್ಲಿ ಮಾತ್ರ. ನೋಡುವವರಿಗೆ ಸಾಧಾರಣ ಹುಲ್ಲಿನಂತೆ ಕಾಣುವ ಇದರ ಮೇಲೆ ರಾತ್ರಿಯ ಅವಸರದಲ್ಲಿ ಒಂದು ಲಾರಿ ಕಲ್ಲುಮಣ್ಣು ಸುರಿದರೆ, ದೇಶದಲ್ಲಿ ಬೇರೆಲ್ಲೂ ಇಲ್ಲದ ಗಿಡದ ಒಂದು ನೆಲೆಯೇ ಅಳಿದುಹೋಗುತ್ತದೆ, ಸುರಿದವರಿಗೆ ಅದು ಗೊತ್ತೂ ಆಗುವುದಿಲ್ಲ.

ಸಂರಕ್ಷಿತ ಪ್ರದೇಶಕ್ಕೆ ತಾಗುವ ಯಾವುದೇ ಯೋಜನೆಗೆ ಅನುಮತಿ ಕೊಡುವ ಮೊದಲು ಅದರ ಪರಿಣಾಮವನ್ನು ಪರಿಶೀಲಿಸಲೇಬೇಕೆಂದು ಆವಾಸಸ್ಥಾನ ನಿರ್ದೇಶನದ 6ನೇ ವಿಧಿ ಹೇಳುತ್ತದೆ. ಮನುಷ್ಯರ ಆರೋಗ್ಯ ಮತ್ತು ಸುರಕ್ಷತೆಯ ಪ್ರಶ್ನೆ ಬಂದಾಗ, ಬೇರೆ ದಾರಿಯಿಲ್ಲವೆಂದು ತೋರಿಸಿ, ಆಗುವ ನಷ್ಟಕ್ಕೆ ಬೇರೆಡೆ ಪರಿಹಾರ ಕಲ್ಪಿಸಿ ಕಾಮಗಾರಿ ನಡೆಸಲು ಅದೇ ವಿಧಿ ಅವಕಾಶವನ್ನೂ ಕೊಡುತ್ತದೆ. 2014ರ ನಂತರ ಸಾರ್ವಜನಿಕ ಕಾಮಗಾರಿ ಕಚೇರಿ ಮತ್ತು ಪರಿಷತ್ತು ಕೈಗೆತ್ತಿಕೊಂಡ ಕಿಂಗ್ಸ್ ಐಲೆಂಡ್ ಪ್ರವಾಹ ಪರಿಹಾರ ಯೋಜನೆ ಈ ಪರಿಶೀಲನೆಯ ದಾರಿಯಲ್ಲೇ ಸಾಗಬೇಕಾಯಿತು. ಒಡ್ಡನ್ನು ನದಿಯ ಕಡೆಗೆ ಹಿಗ್ಗಿಸಬೇಕೋ ಊರಿನ ಕಡೆಗೋ, ಉಕ್ಕಿನ ಹಾಳೆಗಳನ್ನು ನೆಲಕ್ಕೆ ಬಡಿಯುವ ಸದ್ದು ವಲಸೆ ಮೀನುಗಳನ್ನು ಹೆದರಿಸುವುದೇ, ನೀರುನಾಯಿಯ ಬಿಲ ಎಲ್ಲಿದೆ, ಕೋಟೆಯ ಬಳಿಯ ಹಳೆಯ ಗೋಡೆಗಳಿಗೆ ಧಕ್ಕೆಯಾಗದಂತೆ ತಡೆ ಕಟ್ಟುವುದು ಹೇಗೆ ಎಂಬ ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಸಿಗದೆ ಸಲಿಕೆ ನೆಲಕ್ಕೆ ತಾಗುವಂತಿಲ್ಲ.

ಪ್ರತಿ ಚಳಿಗಾಲದ ಉಬ್ಬರಕ್ಕೂ ನಿದ್ದೆಗೆಡುವ ನಿವಾಸಿಗಳಿಗೆ ಈ ವಿಳಂಬ ಸಹಿಸಲಾರದ್ದಾಗಿ ಕಂಡರೆ ಅದರಲ್ಲಿ ಆಶ್ಚರ್ಯವಿಲ್ಲ. ಮನುಷ್ಯರ ಮನೆಗಿಂತ ಜೊಂಡು ದೊಡ್ಡದೇ ಎಂಬ ಅವರ ಪ್ರಶ್ನೆಯನ್ನು ಹಗುರವಾಗಿ ಕಾಣುವುದು ಅನ್ಯಾಯ. ಆದರೆ ವಿಳಂಬಕ್ಕೆ ಹೊಣೆ ಜೊಂಡಿನದೂ ಅಲ್ಲ, ಅದನ್ನು ಕಾಯುವ ಕಾನೂನಿನದೂ ಅಲ್ಲ. ಐರ್ಲೆಂಡಿನ ಒಳನಾಡು ಮೀನುಗಾರಿಕಾ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ನದಿಯೊಳಗಿನ ಕಾಮಗಾರಿಗೆ ತಕ್ಕ ಕಾಲ ಜುಲೈನಿಂದ ಸೆಪ್ಟೆಂಬರ್‌ವರೆಗೆ, ಏಕೆಂದರೆ ಚಳಿಗಾಲದಲ್ಲಿ ಸಾಲ್ಮನ್ ಮೀನುಗಳು ಹರಳುಗಲ್ಲುಗಳ ನಡುವೆ ಮೊಟ್ಟೆಯಿಡುತ್ತವೆ ಮತ್ತು ಆ ಮೊಟ್ಟೆಗಳ ಮೇಲೆ ಹೂಳು ಕೂತರೆ ಅವು ಉಸಿರುಕಟ್ಟಿ ಸಾಯುತ್ತವೆ. ನೆರೆ ಬರುವುದಾದರೋ ಬಹುಪಾಲು ನವೆಂಬರ್ ಮತ್ತು ಫೆಬ್ರವರಿಯ ನಡುವೆ. ಅಂದರೆ ಯೋಜಿಸಿ ಮಾಡುವ ಕೆಲಸಕ್ಕೆ ಬೇಸಿಗೆಯ ಮೂರು ತಿಂಗಳು ತೆರೆದಿರುತ್ತವೆ, ಅನಾಹುತದ ನಡುವೆ ಮಾಡುವ ಕೆಲಸವೆಲ್ಲ ನದಿ ಅತ್ಯಂತ ದುರ್ಬಲವಾಗಿರುವ ತಿಂಗಳುಗಳಲ್ಲೇ ಬೀಳುತ್ತದೆ. ಶಾಶ್ವತ ತಡೆ ಒಂದು ವರ್ಷ ತಡವಾದಷ್ಟೂ ಇನ್ನೊಂದು ಚಳಿಗಾಲದ ತುರ್ತು ಕಾಮಗಾರಿಯ ಅಪಾಯ ನಿವಾಸಿಗಳಿಗೂ ನದಿಗೂ ಒಟ್ಟಿಗೇ ಬರುತ್ತದೆ. ಇಲ್ಲಿ ಮನುಷ್ಯರ ಹಿತ ಮತ್ತು ಮೀನಿನ ಹಿತ ಎದುರುಬದುರಾಗಿ ನಿಂತಿಲ್ಲ.

ತುರ್ತು ಕೆಲಸದ ಇನ್ನೊಂದು ಅಡ್ಡಪರಿಣಾಮ ಹೊರಗಿನ ಜೀವಿಗಳ ಹರಡುವಿಕೆ. ಕಪ್ಪುಬಿಳಿ ಪಟ್ಟೆಗಳ ಚಿಕ್ಕ ಕಪ್ಪೆಚಿಪ್ಪಾದ ಜೀಬ್ರಾ ಮಸ್ಸೆಲ್ 1990ರ ದಶಕದಲ್ಲಿ ದೋಣಿಗಳ ತಳಕ್ಕೆ ಅಂಟಿಕೊಂಡು ಐರ್ಲೆಂಡಿಗೆ ಬಂದು, ಕೆಳ ಶ್ಯಾನನ್‌ನಲ್ಲಿ ನೆಲೆಯೂರಿ, ಅಲ್ಲಿಂದ ಇಡೀ ನದಿಜಾಲಕ್ಕೆ ಹಬ್ಬಿತು. ಒಂದು ಸರೋವರದಲ್ಲಿ ಹುಡುಕಾಟ ಮುಗಿಸಿದ ರಕ್ಷಣಾ ದೋಣಿ ಮರುದಿನ ಇನ್ನೊಂದು ನದಿಗೆ ಇಳಿದಾಗ, ಒಂದು ಹಳ್ಳಿಯಿಂದ ಎತ್ತಿದ ಪಂಪಿನ ಕೊಳವೆಯಲ್ಲಿ ಉಳಿದ ನೀರು ಮತ್ತೊಂದು ಹಳ್ಳಿಯ ತೊರೆಗೆ ಸುರಿದಾಗ, ಕಣ್ಣಿಗೆ ಕಾಣದ ಮರಿಗಳು ಜೊತೆಗೆ ಪ್ರಯಾಣ ಮಾಡಬಲ್ಲವು. ಮಣ್ಣಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ಲಿಮೆರಿಕ್‌ನ ಪೂರ್ವಕ್ಕೆ ಶ್ಯಾನನ್ ಸೇರುವ ಮುಲ್ಕಿಯರ್ ನದಿಯ ಪುನಶ್ಚೇತನಕ್ಕಾಗಿ 2009ರಿಂದ 2014ರವರೆಗೆ ನಡೆದ ಯುರೋಪಿಯನ್ ನೆರವಿನ ಯೋಜನೆಯಲ್ಲಿ ದಡಗಳಿಂದ ದೈತ್ಯ ಹಾಗ್‌ವೀಡ್‌ನಂಥ ಆಕ್ರಮಣಕಾರಿ ಕಳೆಗಳನ್ನು ಕೀಳುವ ದೀರ್ಘ ಪರಿಶ್ರಮ ಸೇರಿತ್ತು. ಹಿಮಾಲಯದಿಂದ ಅಲಂಕಾರದ ಗಿಡವಾಗಿ ಹೋದ ಗೌರಿಹೂವಿನ ಜಾತಿಯ ಬಾಲ್ಸಮ್ ಕೂಡ ಐರ್ಲೆಂಡಿನ ನದಿದಡಗಳಲ್ಲಿ ಈಗ ಇಂಥದೇ ಕಳೆ. ಎಲ್ಲಿಂದಲೋ ತಂದ ಒಂದು ಲಾರಿ ಮಣ್ಣಿನಲ್ಲಿ ಇಂಥ ಕಳೆಯ ಒಂದಿಷ್ಟು ಬೀಜ ಇದ್ದರೂ ಐದು ವರ್ಷಗಳ ಶ್ರಮ ವ್ಯರ್ಥವಾಗಬಹುದು. ಪರೀಕ್ಷಿಸು, ತೊಳೆ, ಒಣಗಿಸು ಎಂಬ ಮೂರು ಹಂತದ ಸರಳ ನಿಯಮವನ್ನು ದೋಣಿ ಮತ್ತು ಪಂಪುಗಳಿಗೆ ಕಡ್ಡಾಯ ಮಾಡಲು ಹಣ ಬೇಕಿಲ್ಲ, ಅಭ್ಯಾಸ ಬೇಕು.

ನಗರದಿಂದ ಮೇಲೆ ಹೋದರೆ ಚಿತ್ರ ಬದಲಾಗುತ್ತದೆ. 1925ರಿಂದ 1929ರ ನಡುವೆ ಕಟ್ಟಿದ ಆರ್ಡ್‌ನಕ್ರುಶಾ ಜಲವಿದ್ಯುತ್ ಕೇಂದ್ರಕ್ಕಾಗಿ ಪಾರ್ಟೀನ್ ಎಂಬಲ್ಲಿ ನದಿಯನ್ನು ತಿರುಗಿಸಲಾಗಿದ್ದು, ಕಾಲುವೆ ಹೊರಲಾರದಷ್ಟು ನೀರು ಬಂದಾಗ ಹೆಚ್ಚಿನದನ್ನು ಹಳೆಯ ಪಾತ್ರಕ್ಕೆ ಬಿಡಬೇಕಾಗುತ್ತದೆ. ಆಲಮಟ್ಟಿಯಿಂದ ನೀರು ಬಿಟ್ಟಾಗ ಕೃಷ್ಣೆಯ ಕೆಳದಂಡೆಯ ಹಳ್ಳಿಗಳು ಅನುಭವಿಸುವ ಆತಂಕ ಕ್ಯಾಸಲ್‌ಕಾನೆಲ್ ಮತ್ತು ಮಾಂಟ್‌ಪೀಲಿಯರ್ ಊರುಗಳಿಗೂ ಪರಿಚಿತ. 2009ರ ನವೆಂಬರ್ ಮತ್ತು 2015–16ರ ಚಳಿಗಾಲದ ನೆರೆಗಳು ವಾರಗಟ್ಟಲೆ ನಿಂತವು, ಪಂಪುಗಳು ಅಷ್ಟೂ ದಿನ ಓಡಿದವು. ಇಂಥ ಹಳ್ಳಿಗಳ ವಿಶೇಷ ಅಪಾಯವೆಂದರೆ ಮನೆ ಬಿಸಿಮಾಡಲು ಹಿತ್ತಿಲಲ್ಲಿಟ್ಟ ಸೀಮೆಎಣ್ಣೆಯ ಟ್ಯಾಂಕು. ಐರ್ಲೆಂಡಿನ ಹತ್ತು ಮನೆಗಳಲ್ಲಿ ಸುಮಾರು ನಾಲ್ಕು ಇಂಥ ಎಣ್ಣೆಯನ್ನೇ ನೆಚ್ಚಿಕೊಂಡಿವೆ. ಅರ್ಧ ಖಾಲಿಯಾದ ಟ್ಯಾಂಕು ನೀರಿನಲ್ಲಿ ತೇಲಿ, ಕೊಳವೆ ಕಿತ್ತು, ಎಣ್ಣೆ ಚೆಲ್ಲಿದರೆ ಮನೆ ಒಣಗಿದ ಮೇಲೂ ವಾಸಕ್ಕೆ ಯೋಗ್ಯವಾಗುವುದಿಲ್ಲ, ಬಾವಿಯ ನೀರು ಕೆಡುತ್ತದೆ, ಪಂಪು ಆ ಎಣ್ಣೆಯನ್ನೇ ನದಿಗೆ ಎತ್ತಿ ಹಾಕುತ್ತದೆ. ಟ್ಯಾಂಕನ್ನು ನೆಲಕ್ಕೆ ಬಿಗಿದು ಕಟ್ಟಲು ತಗಲುವ ಖರ್ಚು ಕೆಲವೇ ಯೂರೊಗಳ ಪಟ್ಟಿ ಮತ್ತು ಬೋಲ್ಟುಗಳದ್ದು.

ಬೆಂಕಿಯ ವಿಷಯಕ್ಕೆ ಬಂದರೆ ಯುರೋಪು ಪಾಠ ಕಲಿತದ್ದು ಸ್ವಿಟ್ಜರ್ಲೆಂಡಿನಲ್ಲಿ. 1986ರ ನವೆಂಬರ್ 1ರಂದು ಬಾಸೆಲ್ ಬಳಿಯ ಸ್ಯಾಂಡೋಜ್ ಕಂಪನಿಯ ರಾಸಾಯನಿಕ ಗೋದಾಮಿಗೆ ಬೆಂಕಿ ಬಿದ್ದಾಗ ಅಗ್ನಿಶಾಮಕ ದಳದವರು ಧೈರ್ಯದಿಂದ ಹೋರಾಡಿ ಅದನ್ನು ಆರಿಸಿದರು. ಅವರು ಸುರಿದ ನೀರು ಸುಮಾರು 30 ಟನ್ ಕೀಟನಾಶಕಗಳನ್ನು ಹೊತ್ತು ರೈನ್ ನದಿಗೆ ಇಳಿಯಿತು, ಜೊತೆಗಿದ್ದ ಬಣ್ಣದಿಂದ ನದಿ ಕೆಂಪಾಯಿತು, ನೂರಾರು ಕಿಲೋಮೀಟರ್ ಉದ್ದಕ್ಕೂ ಹಾವುಮೀನುಗಳು ಸತ್ತು ತೇಲಿದವು. ಬೆಂಕಿಗಿಂತ ಬೆಂಕಿ ಆರಿಸಿದ ನೀರು ಹೆಚ್ಚು ಹಾನಿ ಮಾಡಿತ್ತು. ಲಿಮೆರಿಕ್ ಕೌಂಟಿಯಲ್ಲಿ ಶ್ಯಾನನ್ ಅಳಿವೆಯ ದಡಕ್ಕಿರುವ ಫಾಯ್ನ್ಸ್ ಬಂದರಿನಲ್ಲಿ ಇಂಧನ ಸಂಗ್ರಹಾಗಾರಗಳಿವೆ; ಅದರ ಸಮೀಪದ ಆಗಿನಿಷ್ ದ್ವೀಪದಲ್ಲಿ 1983ರಿಂದ ಬಾಕ್ಸೈಟಿನಿಂದ ಅಲ್ಯೂಮಿನಾ ತೆಗೆಯುವ ದೊಡ್ಡ ಕಾರ್ಖಾನೆಯೂ ಅದರ ಕೆಂಪು ಕೆಸರಿನ ಸಂಗ್ರಹವೂ ಇವೆ. ನಗರದ ಮೇಲ್ಭಾಗದಲ್ಲಿ ಕ್ಲೇರ್‌ವಿಲ್ ಘಟಕ ಶ್ಯಾನನ್‌ನ ನೀರನ್ನೇ ಶುದ್ಧೀಕರಿಸಿ ಲಿಮೆರಿಕ್‌ಗೆ ಕುಡಿಯಲು ಕೊಡುತ್ತದೆ. ನದಿಯ ಯಾವ ತಿರುವಿನಲ್ಲಿ ಬೆಂಕಿ ಬಿದ್ದರೂ ಅದನ್ನು ಆರಿಸಿದ ನೀರು ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಐರ್ಲೆಂಡಿನ ಪರಿಸರ ಸಂರಕ್ಷಣಾ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿ, ಪರವಾನಗಿ ಪಡೆದ ಉದ್ಯಮಗಳು ಅಂಥ ನೀರನ್ನು ತಮ್ಮ ಆವರಣದೊಳಗೇ ಹಿಡಿದಿಡುವ ಅಗತ್ಯವನ್ನು ಅಳೆದು ವ್ಯವಸ್ಥೆ ಮಾಡಿಕೊಳ್ಳುವ ಬಗೆಯನ್ನು ವಿವರಿಸುತ್ತದೆ. ಚರಂಡಿಗೆ ಮುಚ್ಚುವ ಕವಾಟ, ಸುತ್ತ ಒಂದು ಒಡ್ಡು, ಖಾಲಿ ಬಿಟ್ಟ ಒಂದು ಕೊಳ: ಇಷ್ಟಿದ್ದರೆ ನದಿ ಉಳಿಯುತ್ತದೆ. ಕೆಲವೊಮ್ಮೆ ಒಳಗೆ ಯಾರೂ ಇಲ್ಲದ, ಸುತ್ತ ಹಬ್ಬಲಾರದ ಬೆಂಕಿಯನ್ನು ನೀರು ಹಾಕದೆ ಉರಿದು ಮುಗಿಯಲು ಬಿಡುವುದೇ ಕಡಿಮೆ ಹಾನಿಯ ದಾರಿಯಾಗುತ್ತದೆ. ಆ ನಿರ್ಧಾರ ಕೈಗೊಳ್ಳುವ ಅಧಿಕಾರಿಗೆ ಮುಂಚೆಯೇ ಸಿದ್ಧಪಡಿಸಿದ ನಕಾಶೆಯೂ ಮೇಲಿನವರ ಬೆಂಬಲವೂ ಇರಬೇಕಾಗುತ್ತದೆ, ಏಕೆಂದರೆ ಹೊರಗೆ ನಿಂತು ನೋಡುವ ಜನರಿಗೆ ಅದು ಕೈಕಟ್ಟಿ ಕೂತಂತೆ ಕಾಣುತ್ತದೆ.

ಎಣ್ಣೆಯ ಬೆಂಕಿಗೆ ಬಳಸುವ ನೊರೆಯ ಕಥೆ ಇನ್ನೂ ಕಠಿಣವಾದದ್ದು. 1960ರ ದಶಕದಿಂದ ಬಳಕೆಗೆ ಬಂದ ನೊರೆಗಳಲ್ಲಿ ಪಿಎಫ್ಎಎಸ್ ಎಂಬ ಗುಂಪಿನ ಫ್ಲೋರಿನ್ ಸಂಯುಕ್ತಗಳಿದ್ದು, ಅವು ಎಣ್ಣೆಯ ಮೇಲೆ ತೆಳುವಾದ ಪೊರೆ ಹರಡಿ ಬೆಂಕಿಗೆ ಗಾಳಿ ಸಿಗದಂತೆ ಮಾಡುತ್ತವೆ. ಇಂಗಾಲ ಮತ್ತು ಫ್ಲೋರಿನ್‌ಗಳ ನಡುವಿನ ಬಂಧ ಪ್ರಕೃತಿಯಲ್ಲಿ ಸುಲಭವಾಗಿ ಮುರಿಯದ ಕಾರಣ ಅವು ಅಂತರ್ಜಲದಲ್ಲಿ ದಶಕಗಳವರೆಗೆ ಉಳಿದು, ಮನುಷ್ಯರ ರಕ್ತದಲ್ಲೂ ಸಂಗ್ರಹವಾಗುತ್ತವೆ. ಅನೇಕ ದೇಶಗಳಲ್ಲಿ ಈ ಮಾಲಿನ್ಯ ಬಹುಮಟ್ಟಿಗೆ ಬಂದದ್ದು ತರಬೇತಿ ಮೈದಾನಗಳಿಂದ, ಅಂದರೆ ಯಾವ ಪ್ರಾಣವೂ ಅಪಾಯದಲ್ಲಿರದ ಅಭ್ಯಾಸದ ದಿನಗಳಿಂದ ಎಂಬುದು ಗಮನಿಸಬೇಕಾದ ಸಂಗತಿ. ಈ ಗುಂಪಿನ ಒಂದೊಂದೇ ರಾಸಾಯನಿಕವನ್ನು ಸುಮಾರು 20 ವರ್ಷಗಳಿಂದ ನಿರ್ಬಂಧಿಸುತ್ತ ಬಂದ ಯುರೋಪಿಯನ್ ಒಕ್ಕೂಟ, 2025ರ ಅಕ್ಟೋಬರ್‌ನಲ್ಲಿ ಅಗ್ನಿಶಾಮಕ ನೊರೆಗಳಿಂದ ಇಡೀ ಗುಂಪನ್ನೇ ಹಂತಹಂತವಾಗಿ ಹೊರಹಾಕುವ ನಿಯಮವನ್ನು ಅಂಗೀಕರಿಸಿತು. ಫ್ಲೋರಿನ್ ಇಲ್ಲದ ನೊರೆಗಳು ಈಗ ಸಿಗುತ್ತವೆ, ಆದರೆ ಹಳೆಯ ನೊರೆಯ ಅಂಶ ವಾಹನದ ಟ್ಯಾಂಕು ಮತ್ತು ಕೊಳವೆಗಳ ಒಳಮೈಗೆ ಅಂಟಿಕೊಂಡಿರುವುದರಿಂದ ಬರೀ ದ್ರವ ಬದಲಿಸಿದರೆ ಸಾಲದು, ಇಡೀ ವ್ಯವಸ್ಥೆಯನ್ನು ತೊಳೆದು, ತೊಳೆದ ನೀರನ್ನೂ ಸುರಕ್ಷಿತವಾಗಿ ನಾಶಪಡಿಸಬೇಕು.

2025ರ ಜನವರಿ 24ರಂದು ಐರ್ಲೆಂಡನ್ನು ಹಾಯ್ದುಹೋದ ಏಯೋವಿನ್ ಬಿರುಗಾಳಿ ವಿದ್ಯುತ್ತಿನ ಪ್ರಶ್ನೆಯನ್ನು ಮುಂದಿಟ್ಟಿತು. ಗಾಲ್ವೆ ಕೌಂಟಿಯ ಮೇಸ್ ಹೆಡ್‌ನಲ್ಲಿ ಗಂಟೆಗೆ 180 ಕಿಲೋಮೀಟರನ್ನೂ ಮೀರಿದ ಅದರ ವೇಗ, 1945ರಲ್ಲಿ ಲಿಮೆರಿಕ್ ಕೌಂಟಿಯ ಫಾಯ್ನ್ಸ್‌ನಲ್ಲಿ ದಾಖಲಾಗಿದ್ದ 182 ಕಿಲೋಮೀಟರಿನ ರಾಷ್ಟ್ರೀಯ ದಾಖಲೆಯನ್ನು ಮುರಿಯಿತು. ದೇಶಾದ್ಯಂತ 7,68,000 ಗ್ರಾಹಕರಿಗೆ ವಿದ್ಯುತ್ ಹೋಯಿತು, ವಿದ್ಯುತ್ತಿಲ್ಲದೆ ನೀರಿನ ಪಂಪುಗಳೂ ನಿಂತವು. ಇಂಥ ಹೊತ್ತಿನಲ್ಲಿ ಆಸ್ಪತ್ರೆ, ನೀರಿನ ಘಟಕ, ಪರಿಹಾರ ಕೇಂದ್ರ ಎಲ್ಲಕ್ಕೂ ಡೀಸೆಲ್ ಜನರೇಟರೇ ಗತಿ. ಬಳಸಿದ ಅಡುಗೆ ಎಣ್ಣೆ ಮುಂತಾದವನ್ನು ಜಲಜನಕದಿಂದ ಸಂಸ್ಕರಿಸಿದ ಸಸ್ಯಜನ್ಯ ಡೀಸೆಲ್ ಅನ್ನು ಅದೇ ಜನರೇಟರಿನಲ್ಲಿ ಉರಿಸಬಹುದು, ಅದು ಹೆಚ್ಚು ಕಾಲ ಕೆಡದೆ ಉಳಿಯುವುದರಿಂದ ವರ್ಷಕ್ಕೊಮ್ಮೆ ಓಡುವ ಯಂತ್ರಕ್ಕೆ ಒಳ್ಳೆಯದು. ಆದರೆ ಅದರ ಮೂಲದಲ್ಲಿ ತಾಳೆ ಎಣ್ಣೆ ಬೆರೆತಿದ್ದರೆ ಐರ್ಲೆಂಡಿನ ಹೊಗೆ ಕಡಿಮೆ ಮಾಡಲು ಬೇರೆ ದೇಶದ ಕಾಡು ಕಡಿದಂತಾಗುತ್ತದೆ. ಹಿಂದೊಮ್ಮೆ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ ತೋರಿಸಿದ್ದನ್ನು ಕನ್ನಡಿಗರು ಇಲ್ಲಿ ನೆನೆಯಬಹುದು. ಎಣ್ಣೆ ಯಾವ ಮರದ್ದು, ಆ ಮರ ಎಲ್ಲಿಯದು ಎಂಬುದೇ ಅಲ್ಲೂ ಮುಖ್ಯ ಪ್ರಶ್ನೆಯಾಗಿತ್ತು. ದೀರ್ಘಕಾಲದ ಉತ್ತರ ಪರಿಹಾರ ಕೇಂದ್ರಗಳ ಮೇಲೆಯೇ ಸೌರಫಲಕ ಮತ್ತು ಬ್ಯಾಟರಿ ಅಳವಡಿಸುವುದು. ಇನ್ನು ವಾಹನಗಳ ಮಾತು: ಬರ್ಲಿನ್ ನಗರದಲ್ಲಿ ವಿದ್ಯುತ್ ಚಾಲಿತ ಅಗ್ನಿಶಾಮಕ ವಾಹನದ ಪ್ರಯೋಗ ನಡೆದಿದೆಯಾದರೂ, ಹಳ್ಳಿಗಾಡಿನಲ್ಲಿ ಗಂಟೆಗಟ್ಟಲೆ ಪಂಪು ಓಡಿಸಬೇಕಾದ ಲಿಮೆರಿಕ್ ಕೌಂಟಿಯಂಥ ಕಡೆ ಅದು ಮೊದಲ ಆದ್ಯತೆಯಾಗಬೇಕಿಲ್ಲ.

ರಕ್ಷಕರ ಕಸ ಎಷ್ಟು ಘೋರವಾಗಬಲ್ಲದೆಂಬುದಕ್ಕೆ ಹೈಟಿಗಿಂತ ದೊಡ್ಡ ನಿದರ್ಶನವಿಲ್ಲ. 2010ರ ಜನವರಿಯ ಭೂಕಂಪದಿಂದ ನಲುಗಿದ ಆ ದೇಶದಲ್ಲಿ ಅದೇ ವರ್ಷದ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಶಿಬಿರವೊಂದರ ಮಲಿನ ನೀರು ನದಿಗೆ ಸೇರಿ ಕಾಲರಾ ಹರಡಿತು; ಮುಂದಿನ ವರ್ಷಗಳಲ್ಲಿ ಸುಮಾರು 10,000 ಜನ ಸತ್ತರು, 2016ರಲ್ಲಿ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಕ್ಷಮೆ ಕೇಳಿದರು. ಒಂದು ಶಿಬಿರದ ಶೌಚಗುಂಡಿಯ ಗುತ್ತಿಗೆಯಲ್ಲಿ ಯಾರೂ ಕೇಳದೇ ಹೋದ ಪ್ರಶ್ನೆಗೆ ತೆತ್ತ ಬೆಲೆ ಇದು.

ಕರ್ನಾಟಕದಲ್ಲಿ 2018ರ ಕೊಡಗಿನ ಭೂಕುಸಿತ ಮತ್ತು 2019ರ ಬೆಳಗಾವಿ, ಬಾಗಲಕೋಟೆಗಳ ನೆರೆಯ ಕಾಲದಲ್ಲಿ ನಾಡಿನ ಮೂಲೆ ಮೂಲೆಗಳಿಂದ ನೆರವಿನ ಲಾರಿಗಳು ಹರಿದುಬಂದವು, ಅದು ಹೆಮ್ಮೆಪಡಬೇಕಾದ ಔದಾರ್ಯ. ಆದರೆ ಯಾರಿಗೂ ಬೇಡವಾದ ಹಳೆಬಟ್ಟೆ ಮತ್ತು ಲೀಟರ್ ಬಾಟಲಿಗಳ ನೀರು ಇಂಥ ನೆರವಿನಲ್ಲಿ ಎಲ್ಲೆಡೆ ಬೇಡಿಕೆಯನ್ನು ಮೀರಿ ಬರುತ್ತವೆ, ಕೊನೆಗೆ ಅವು ಕಾಳಜಿ ಕೇಂದ್ರದ ಹಿತ್ತಿಲಲ್ಲೋ ಹೊಳೆಯ ದಂಡೆಯಲ್ಲೋ ಉಳಿಯುತ್ತವೆ. ಒಂದು ಟ್ಯಾಂಕರ್ ಶುದ್ಧ ನೀರು ಮತ್ತು ತೊಳೆದು ಬಳಸುವ ಸ್ಟೀಲ್ ಲೋಟ, ತಟ್ಟೆಗಳು ಸಾವಿರಾರು ಬಾಟಲಿಗಳ ಜಾಗವನ್ನು ತುಂಬಬಲ್ಲವು; ಜಾತ್ರೆ, ದಾಸೋಹಗಳಲ್ಲಿ ಲಕ್ಷಾಂತರ ಜನರಿಗೆ ಉಣಬಡಿಸಿದ ನಾಡಿಗೆ ಇದು ಹೊಸ ವಿದ್ಯೆಯಲ್ಲ. ಮರಳುಚೀಲಕ್ಕೆ ಸೆಣಬಿನ ಗೋಣಿಯೂ ನಮ್ಮಲ್ಲಿ ಐರ್ಲೆಂಡಿಗಿಂತ ಸುಲಭವಾಗಿ ಸಿಗುತ್ತದೆ.

ಐರ್ಲೆಂಡಿನ ಹವಾಮಾನ ಕಾನೂನಿಗೆ ಅನುಗುಣವಾಗಿ ಸರ್ಕಾರಿ ಸಂಸ್ಥೆಗಳು 2030ರ ಹೊತ್ತಿಗೆ ತಮ್ಮ ಇಂಗಾಲದ ಹೊರಸೂಸುವಿಕೆಯನ್ನು ಶೇಕಡ 51ರಷ್ಟು ತಗ್ಗಿಸಬೇಕಾಗಿದ್ದು, ಲಿಮೆರಿಕ್ ಪರಿಷತ್ತಿನ 2024–2029ರ ಹವಾಮಾನ ಕ್ರಿಯಾಯೋಜನೆಯೂ ಇದೇ ಗುರಿಯ ಕಡೆಗೆ ನೋಡುತ್ತದೆ. ಇಂಥ ಲೆಕ್ಕದಲ್ಲಿ ಅಗ್ನಿಶಾಮಕ ವಾಹನದ ಡೀಸೆಲ್ ಕಾಣುತ್ತದೆ, ಚೆಲ್ಲಿಹೋದ ನೊರೆಯಾಗಲಿ ಹೂತುಹೋದ ಜೊಂಡಾಗಲಿ ಕಾಣುವುದಿಲ್ಲ. 2006ರ ಚೌಕಟ್ಟು ದೊಡ್ಡ ತುರ್ತು ಘಟನೆಗಳ ನಂತರ ಮೂರೂ ಸಂಸ್ಥೆಗಳು ಪರಾಮರ್ಶೆ ನಡೆಸಿ ವರದಿ ಬರೆಯಬೇಕೆಂದು ಕೇಳುತ್ತದೆ. ಎಚ್ಚರಿಕೆ ಎಷ್ಟು ಗಂಟೆಗೆ ಹೋಯಿತು, ಮೊದಲ ದೋಣಿ ಎಷ್ಟು ಹೊತ್ತಿಗೆ ತಲುಪಿತು ಎಂಬ ವಿವರಗಳ ಜೊತೆಗೆ, ಎಷ್ಟು ಚೀಲ ತುಂಬಿದೆವು, ಅವುಗಳಲ್ಲಿ ಎಷ್ಟು ವಾಪಸು ಬಂದವು, ಪಂಪು ಎತ್ತಿದ ನೀರನ್ನು ಎಲ್ಲಿಗೆ ಬಿಟ್ಟೆವು, ದೋಣಿಗಳನ್ನು ತೊಳೆದೆವೇ, ಏರಿಗೆ ಸುರಿದ ಮಣ್ಣು ಯಾವ ಗಣಿಯದು ಎಂಬ ಸಾಲುಗಳನ್ನೂ ಅದೇ ವರದಿಯಲ್ಲಿ ಸೇರಿಸಲು ಹೊಸ ಕಾನೂನೇನೂ ಬೇಕಾಗಿಲ್ಲ. ಮುಂದಿನ ವರ್ಷದ ಖರೀದಿ ಕಡತ ತೆರೆಯುವ ಗುಮಾಸ್ತನ ಮೇಜಿನ ಮೇಲೆ ಆ ವರದಿ ಇರಬೇಕು, ಅಷ್ಟೆ.